ನೂರಮ್ಮನ ಮನೆಗೆ ಲೈಸೆನ್ಸು

ಮೊನ್ನೆ ಮೊಮ್ಮಗಳನ್ನು ಮೊದಲ ಸಲ ಡೇ ಕೇರಿಗೆ ಬಿಡಲು ಮಂಡ್ಯಕ್ಕೆ ಹೋಗಿದ್ದೆ. ಮಗಳು ಸುಮಾಳಿಗೆ ಆ ದಿನ ರಜೆ ಸಿಗಲಿಲ್ಲ, ಕೆಲಸ ಅಜ್ಜಿಯ ಪಾಲಿಗೆ ಬಂತು. ಒಳಗೆ ಕಾಲಿಟ್ಟೊಡನೆ ಎದುರು ಗೋಡೆಯಲ್ಲಿ, ಚಿನ್ನದ ಬಣ್ಣದ ಚೌಕಟ್ಟಿನೊಳಗೆ ಕಂಡದ್ದು ಲೈಸೆನ್ಸು. ಅದಕ್ಕೊಂದು ಪ್ಲಾಸ್ಟಿಕ್ ಹಾರ, ಗಾಜಿನ ಮೇಲೆ ಕುಂಕುಮದ ಬೊಟ್ಟು. ನಮ್ಮ ಜನ ಯಾವುದನ್ನು ಬೇಕಾದರೂ ದೇವರು ಮಾಡಿಬಿಡುತ್ತಾರೆ ನೋಡಿ. ನಾನೇನು ಕಡಿಮೆಯೇ? ಕೈಮುಗಿಯಲು ಹೋದವಳು ಸಟ್ಟನೆ ಎಚ್ಚೆತ್ತು ಕನ್ನಡಕ ಸರಿಮಾಡಿಕೊಂಡೆ. ಆಗಲೇ ನೂರಮ್ಮ ನೆನಪಾದರು. ಅವರ ಮನೆಗೂ ಒಂದು ಕಾಲದಲ್ಲಿ ಲೈಸೆನ್ಸು ಕೇಳಿಕೊಂಡು ಬಂದಿದ್ದರು.

ತೊಂಬತ್ತರ ದಶಕದ ಮಾತು. ಆಗ ನಾವು ಶ್ರೀರಂಗಪಟ್ಟಣದ ಕೋಟೆಯೊಳಗೆ ಬಾಡಿಗೆ ಮನೆಯಲ್ಲಿದ್ದೆವು. ನನಗೆ ಕ್ಯಾತನಹಳ್ಳಿಯ ಶಾಲೆಯಲ್ಲಿ ಹೊಸದಾಗಿ ಮೇಡಂ ಕೆಲಸ ಸಿಕ್ಕಿತ್ತು. ಸುಮಾ ಇನ್ನೂ ತೊದಲು ಮಾತಿನ ಕೂಸು. ಶೀಳನೆರೆಯಲ್ಲಿದ್ದ ನಮ್ಮತ್ತೆ ತೀರ್ಪು ಕೊಟ್ಟಾಗಿತ್ತು: "ಮಗೀನ ತಂದು ಇಲ್ ಬುಡು, ಇಲ್ಲಾಂದ್ರೆ ಕೆಲ್ಸ ಬುಡು. ಎಲ್ಡರಲ್ಲಿ ಒಂದು." ಎಮ್ಮೆ, ಹೊಲ, ಆಳುಗಳ ಅಡುಗೆ ಎಂದು ಅವರಿಗೇ ಕೂರಲು ಪುರಸೊತ್ತಿರಲಿಲ್ಲ. ನನಗೋ ಎರಡನ್ನೂ ಬಿಡಲು ಮನಸ್ಸಿಲ್ಲ. ಹಾಗೆ ಒದ್ದಾಡುತ್ತಿದ್ದಾಗ, ನಮ್ಮ ಬೀದಿಯ ನರ್ಸ್ ಶಕುಂತಲಾ ತಮ್ಮ ಮಗನನ್ನು ಬಿಡುತ್ತಿದ್ದ ನೂರಮ್ಮನ ಮನೆ ತೋರಿಸಿದರು.

ನೂರಮ್ಮನ ಗಂಡ ಲಾರಿ ಡ್ರೈವರು, ಮನೆಯಲ್ಲಿ ಇರುವುದೇ ಅಪರೂಪ. ಅವರ ಸ್ವಂತ ಮಕ್ಕಳು ದೊಡ್ಡವರಾಗಿ ಬೇರೆ ಊರು ಸೇರಿದ್ದರು. ಹೆಂಚಿನ ಮನೆ. ಬೆಳಿಗ್ಗೆ ಕರಿಘಟ್ಟದ ಕಡೆಯಿಂದ ಬಿಸಿಲು ನೇರವಾಗಿ ಜಗಲಿಗೆ ಬೀಳುತ್ತಿತ್ತು. ಕೆಲಸಕ್ಕೆ ಹೋಗುವ ತಾಯಂದಿರ ಐದಾರು ಮಕ್ಕಳು ಆ ಬಿಸಿಲಲ್ಲಿ ಸಾಲಾಗಿ ಕೂತು ರಾಗಿ ಸರಿ ತಿನ್ನುತ್ತಿದ್ದವು. ಮಧ್ಯಾಹ್ನ ಯಾವ ಮಗುವಿನ ಮನೆಯಿಂದ ಏನು ಬಂದಿದೆಯೋ ಅದನ್ನೇ ಆ ಮಗುವಿಗೆ ಉಣಿಸುವರು. ಆದರೆ ಜೋಗುಳ ಎಲ್ಲರಿಗೂ ಒಂದೇ, ಅರ್ಧ ಕನ್ನಡ, ಅರ್ಧ ಉರ್ದು. ಸುಮಾ ನಮ್ಮತ್ತೆಯ ಮುಂದೆ "ಪಾನಿ" ಎಂದು ಕೇಳಿದ ದಿನ ನಾನು ಅಡುಗೆಮನೆ ಸೇರಿದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಆ ಮನೆಗೆ ಒಂದೇ ಕಟ್ಟಳೆ. ಮಗುವಿಗೆ ಹೇಳದೆ ತಾಯಿ ಹೊರಡುವಂತಿಲ್ಲ. ಮೊದಲ ದಿನ ನನಗೆ ಇದು ಗೊತ್ತಿರಲಿಲ್ಲ. ಸುಮಾ ಸೌಟು ಬಡಿಯುತ್ತಾ ಕೂತಿದ್ದಾಗ ನಾನು ಚಪ್ಪಲಿ ಕೈಯಲ್ಲಿ ಹಿಡಿದು ಮೆಲ್ಲಗೆ ಜಗಲಿ ಇಳಿದೆ.

"ಟೀಚರಮ್ಮ, ಇತ್ಲಾಗ್ ಬನ್ನಿ. ಅದೇನು ಕಳ್ಳರಂಗೆ ಓಯ್ತಾ ಇದೀರಿ? ಮಗೀಗೆ ಯೋಳ್ಬುಟ್ಟು ಓಗಿ."

"ಹೇಳಿದ್ರೆ ಅಳ್ತಾಳೆ ನೂರಮ್ಮ."

"ಅಳ್ಲಿ. ಈಗ ಅತ್ರೆ ಒಂದು ಗಳಿಗೆ. ಯೋಳ್ದೆ ಓದ್ರೆ ದಿನಾ ಪೂರಾ ಬಾಕ್ಲನ್ನೇ ನೋಡ್ತಾ ಕೂತ್ಕತದೆ. ಅದನ್ನ ನೋಡಾಕೆ ನನ್ ಕೈಲಿ ಆಗಾಕಿಲ್ಲ."

ಹೇಳಿದೆ. ಸುಮಾ ಬೀದಿ ಕೇಳುವಂತೆ ಅತ್ತಳು. ನನಗೆ ಶಾಲೆಗೆ ಹೋಗುವ ಪಾಂಡವಪುರದ ಬಸ್ಸು ತಪ್ಪಿತು. ವಾರ ಕಳೆಯುವಷ್ಟರಲ್ಲಿ ಅವಳೇ ಕೈ ಬೀಸಿ ನನ್ನನ್ನು ಓಡಿಸತೊಡಗಿದಳು. ಆಗ ಅಳು ನನಗೆ ಬಂತು, ಅದು ಬೇರೆ ಮಾತು.

ಇಷ್ಟು ಸುಖವಾಗಿದ್ದ ಮನೆಗೆ ಸಂಚಕಾರ ತಂದದ್ದು ನಮ್ಮ ಕೃತಜ್ಞತೆಯೇ. ಶಕುಂತಲಾ ಅವರ ಗಂಡ ನೂರಮ್ಮನಿಗೆ ಏನಾದರೂ ಮಾಡಬೇಕೆಂದು, ತಗಡಿನ ಮೇಲೆ 'ನೂರಮ್ಮ ಶಿಶುವಿಹಾರ' ಎಂದು ದೊಡ್ಡದಾಗಿ ಬರೆಸಿ ತಂದು ಜಗಲಿಯ ಮೇಲೆ ತೂಗುಹಾಕಿದರು. ಪಕ್ಕದಲ್ಲೊಂದು ಮಗುವಿನ ಚಿತ್ರ. ಪೇಂಟರು ಅದಕ್ಕೆ ಎಂಥ ದಪ್ಪ ಹುಬ್ಬು ಬರೆದಿದ್ದನೆಂದರೆ ಹಾಲು ಬಿಡದ ಪೈಲ್ವಾನನಂತೆ ಕಾಣುತ್ತಿತ್ತು. ಬೋರ್ಡು ಎಲ್ಲರ ಕಣ್ಣಿಗೂ ಬಿತ್ತು, ಪುರಸಭೆಯವರ ಕಣ್ಣಿಗೂ ಬಿತ್ತು. ಲೈಸೆನ್ಸು ಇದೆಯೇ ಎಂದು ನೋಡಲು ಸಾಹೇಬರು ಬರುತ್ತಾರೆ, ಇಲ್ಲದಿದ್ದರೆ ಮುಚ್ಚಬೇಕಾದೀತು ಎಂದು ಹೇಳಿಕಳಿಸಿದರು. ಮುಚ್ಚಿದರೆ ನನ್ನ ಕೆಲಸವೂ ಹೋದಂತೆಯೇ. ಶೀಳನೆರೆಯ ಎಮ್ಮೆಗಳು ರಾತ್ರಿಯೆಲ್ಲ ಕಣ್ಣ ಮುಂದೆ ಬಂದವು.

ಶಕುಂತಲಾ ಮತ್ತು ನಾನು ಕೂತು ಉಪಾಯ ಹೂಡಿದೆವು. ಮಕ್ಕಳೆಲ್ಲ ನೂರಮ್ಮನ ನೆಂಟರವು ಎಂದುಬಿಟ್ಟರೆ ಲೈಸೆನ್ಸು ಯಾತಕ್ಕೆ? ಇಬ್ಬರು ಓದಿದ ಹೆಂಗಸರ ತಲೆಗೆ ಹೊಳೆದದ್ದು ಇಷ್ಟು. ಬೋರ್ಡು ಇಳಿಸಬೇಕೆಂಬುದು ಕೂಡ ಹೊಳೆಯಲಿಲ್ಲ.

ಸಾಹೇಬರು ಬಂದರು, ಜಗಲಿಯ ಮೇಲೆ ಕೂತರು. ನಾವಿಬ್ಬರೂ ರಜೆ ಹಾಕಿ ಬಾಗಿಲ ಬಳಿ ನಿಂತಿದ್ದೆವು.

"ಇವ್ರೆಲ್ಲ ಯಾರಮ್ಮ?"

"ನಮ್ಮಕ್ಕನ ಮಕ್ಳು ಸಾರ್," ಎಂದರು ನೂರಮ್ಮ, ನೆಲ ನೋಡುತ್ತಾ.

ಸಾಹೇಬರು ಶಕುಂತಲಾ ಅವರ ಮಗನನ್ನು ಹತ್ತಿರ ಕರೆದರು. "ನಿನ್ ಹೆಸರೇನ್ಲಾ ಮರಿ?"

"ಲಕ್ಷ್ಮೀನರಸಿಂಹ," ಎಂದ ಅವನು, ಉಸಿರು ಕಟ್ಟಿ, ಒಂದಕ್ಷರವೂ ತಪ್ಪದಂತೆ.

ಸಾಹೇಬರು ನೂರಮ್ಮನ ಮುಖ ನೋಡಿದರು. ನೂರಮ್ಮ ನಮ್ಮತ್ತ ಕೈ ತೋರಿಸಿಬಿಟ್ಟರು. "ಅಲ್ಲಾ ಮೆಚ್ಚಾಕಿಲ್ಲ ಸಾರ್, ನಂಗೆ ಸುಳ್ ಯೋಳಕ್ಕೆ ಬರಾಕಿಲ್ಲ. ಇವರೇ ಯೋಳ್ಕೊಟ್ಟಿದ್ದು."

ನಾನು ಹೆಂಚು ಎಣಿಸುವವಳಂತೆ ಮೇಲೆ ನೋಡಿದೆ. ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಆದರೆ ನಕ್ಕು ಮುಗಿಸಿ ಎದ್ದವರು ಮನೆಯೆಲ್ಲ ಸುತ್ತಿ, ಒಲೆ, ನೀರಿನ ತೊಟ್ಟಿ, ಮಕ್ಕಳು ಮಲಗುವ ಚಾಪೆ ಎಲ್ಲವನ್ನೂ ನೋಡಿದರು.

"ಬೋರ್ಡ್ ಹಾಕಿ ವ್ಯಾಪಾರ ಅಂತ ಮಾಡುದ್ರೆ ಲೈಸೆನ್ಸ್ ಬೇಕೇ ಬೇಕಮ್ಮ. ಬೀದಿಯೋರ ನಾಕಾರು ಮಕ್ಳನ್ನ ಮನೇಲಿ ನೋಡ್ಕಂಡ್ರೆ ಯಾವ್ ಲೈಸೆನ್ಸ್ ಕೊಡಾದು ಅಂತ ನಂಗೂ ಗೊತ್ತಿಲ್ಲ. ಹೋಟ್ಲಿಗೈತೆ, ಹಿಟ್ಟಿನ ಮಿಲ್ಲಿಗೈತೆ. ಇದ್ಕೆ ನಮ್ಮತ್ರ ಇಲ್ಲ. ಬೋರ್ಡ್ ಇಳಿಸ್ಬುಡಿ. ಒಲೆ ತಾವ ಮಕ್ಳು ಹೋಗ್ದಂಗೆ ಏನಾದ್ರೂ ಅಡ್ಡ ಹಾಕಿ, ಸಾಕು."

ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಸಾಹೇಬರು ಚಪ್ಪಲಿ ಮೆಟ್ಟಿ ಬೀದಿಗಿಳಿದರು. ಹಿಂದಿನಿಂದ ನೂರಮ್ಮ ಕೂಗಿದರು: "ಸಾರ್, ಮಕ್ಳಿಗೆ ಯೋಳ್ಬುಟ್ಟು ಓಗಿ!"

ಮುಗಿದೇ ಹೋಯಿತು ಎಂದುಕೊಂಡೆ. ಅವರು ಒಂದು ಗಳಿಗೆ ನಿಂತರು. ಹಿಂದಿರುಗಿ, ಚಪ್ಪಲಿ ಬಿಟ್ಟು, ಜಗಲಿ ಹತ್ತಿ, "ಹೋಗ್ಬತ್ತೀನಿ ಕಣ್ರಪ್ಪಾ," ಎಂದರು. ಮಕ್ಕಳು ಟಾಟಾ ಮಾಡಿದವು.

ಬೋರ್ಡು ಅಂದೇ ಇಳಿಯಿತು. ನೂರಮ್ಮ ಅದನ್ನು ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ಒರಗಿಸಿದರು, ದಪ್ಪ ಹುಬ್ಬಿನ ಪೈಲ್ವಾನ ಒಲೆ ಕಾಯತೊಡಗಿದ. ಕೆಲವು ವಾರಗಳಾದ ಮೇಲೆ ಒಂದು ಸಂಜೆ ನಾನು ಸುಮಾಳನ್ನು ಕರೆತರಲು ಹೋದರೆ ಸಾಹೇಬರು ಬಾಳೆಹಣ್ಣಿನ ಚಿಪ್ಪು ಹಿಡಿದು ಜಗಲಿಯ ಮೇಲೆ ಕೂತಿದ್ದಾರೆ! ನನ್ನ ಮುಖ ಬಿಳಿಚಿದ್ದು ಕಂಡು ಅವರೇ ಹೇಳಿದರು: "ಗಾಬ್ರಿ ಬೀಳ್ಬೇಡಿ ಮೇಡಂ. ಬತ್ತೀನಿ ಅಂದ್ಬುಟ್ಟಿದ್ನಲ್ಲ ಮಕ್ಳಿಗೆ."

ಸುಮಾ ಶಾಲೆ ಸೇರುವವರೆಗೂ ಆ ಮನೆಯಲ್ಲೇ ಬೆಳೆದಳು. ನಾನು ನಿವೃತ್ತಿಯವರೆಗೂ ಕೆಲಸ ಮಾಡಿದೆ. ಅದು ನೂರಮ್ಮ ಕೊಟ್ಟ ಕೆಲಸ ಎಂದೇ ಇಂದಿಗೂ ತಿಳಿದಿದ್ದೇನೆ.

ಡೇ ಕೇರಿನ ಹುಡುಗಿ ಹತ್ತಿರ ಬಂದು ಪಿಸುಗುಟ್ಟಿದಳು. "ಅಜ್ಜಿ, ಪಾಪು ಆಟ ಆಡ್ತಾ ಅವ್ಳೆ. ನೋಡೋಕ್ ಮುಂಚೆ ಹೊಂಟೋಗ್ಬುಡಿ." ಒಳ್ಳೆಯ ಹುಡುಗಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ನಾನು ಬಾಗಿಲವರೆಗೆ ಹೋಗಿ ಒಂದು ಚಪ್ಪಲಿ ಮೆಟ್ಟಿದ್ದೆ. ಅದನ್ನು ಬಿಟ್ಟು ಒಳಗೆ ಬಂದೆ. ಮಂಡಿ ಲಟಗುಟ್ಟುತ್ತಿದ್ದರೂ ಮೊಮ್ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತೆ. "ಪುಟ್ಟೀ, ಅಜ್ಜಿ ಹೋಗ್ಬರ್ತೀನಿ. ಸಾಯಂಕಾಲ ನಾನೇ ಬರ್ತೀನಿ."

ಅವಳು ಅವರಮ್ಮನಂತೆಯೇ ಬೀದಿ ಕೇಳುವಂತೆ ಅತ್ತಳು. ಹುಡುಗಿ ನನ್ನನ್ನು ದುರುಗುಟ್ಟಿ ನೋಡಿದಳು. ಕಾಂಪೌಂಡಿನ ಹೊರಗೆ ನಿಂತು ಕಿವಿಗೊಟ್ಟೆ. ಒಂದು ಗಳಿಗೆಯಲ್ಲೇ ಅಳು ನಿಂತಿತು.

ಮನೆಗೆ ಹೋಗಿ ಸಂಜೆಗೆ ಮರಳೋಣವೆಂದು ಬಸ್ ಸ್ಟ್ಯಾಂಡಿನಲ್ಲಿ ಶ್ರೀರಂಗಪಟ್ಟಣದ ಬಸ್ಸು ಹತ್ತುವಾಗ ಸುಮಾ ಫೋನು ಮಾಡಿದಳು. "ಅಮ್ಮಾ, ನೀನು ಊರಿಗೆ ಹೊರಡು. ಸಂಜೆ ಪಾಪೂನ ನಾನೇ ಕರ್ಕೊಂಡ್ ಬರ್ತೀನಿ."

ನಾನು ಬಸ್ಸಿನಿಂದ ಕೆಳಗಿಳಿದೆ.

"ಇಲ್ಲ ಕಣೇ, ನಾನಿಲ್ಲೇ ಇರ್ತೀನಿ. ಬರ್ತೀನಿ ಅಂದ್ಬುಟ್ಟಿದೀನಿ."