ಒಂದೂವರೆ ಮೇಸ್ತ್ರಿ

ಗಂಡ ತೀರಿಕೊಂಡ ವರ್ಷ ಆಕೆ ಗ್ಯಾರೇಜಿನಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದಳು. ಮೊದಲ ದಿನವೇ ಎಡವಟ್ಟು. ಗೋಡೆಯುದ್ದಕ್ಕೂ ಮೊಳೆಗೆ ನೇತುಹಾಕಿದ್ದ ಕಾರಿನ ಸ್ಪ್ರಿಂಗುಗಳ ಮೇಲೆ ಸೀಮೆಸುಣ್ಣದ ಗೀಚು ಕಂಡಿತು. ಕೊಳೆ ಅಂದುಕೊಂಡು ಸೀಮೆಎಣ್ಣೆ ಬಟ್ಟೆಯಲ್ಲಿ ಮೂವತ್ತೆಂಟನ್ನೂ ಫಳಫಳ ಒರೆಸಿಟ್ಟಳು.

ಗ್ಯಾರೇಜಿನ ಮೇಸ್ತ್ರಿ ಬಂದು ನೋಡಿ ತಲೆ ಮೇಲೆ ಕೈ ಹೊತ್ತು ಕೂತರು.

"ಏನಮ್ಮಾ ತಾಯಿ, ನನ್ನ ಹತ್ತು ವರ್ಷದ ಲೆಕ್ಕ ಒರೆಸಿ ಹಾಕಿದ್ಯಲ್ಲ!"

"ಬೈಯಿರಿ, ಪರವಾಗಿಲ್ಲ. ಏನಿತ್ತು ಅಂತ ಹೇಳಿ, ಮತ್ತೆ ಬರೀತೀನಿ. ನನಗೆ ಅಕ್ಷರ ಅಷ್ಟಕ್ಕಷ್ಟೆ, ಅಂಕಿ ಬರುತ್ತೆ."

ಮೇಸ್ತ್ರಿಗೆ ನಗು ಬಂತು. ಒಂದೊಂದೇ ಸ್ಪ್ರಿಂಗನ್ನು ತೂಕದ ಯಂತ್ರದ ಮೇಲಿಟ್ಟು ಒಂದು ಅಂಗುಲ ಅದುಮುವುದು, ಎಷ್ಟು ಕೆಜಿಗೆ ಅಷ್ಟು ಕುಗ್ಗಿತು ಅಂತ ನೋಡುವುದು. ಅದೇ ಆ ಸ್ಪ್ರಿಂಗಿನ ಬಿಗಿ. ಅವರು ಅದುಮಿದರು, ಆಕೆ ಮುಳ್ಳು ಓದಿದಳು. ನಾಲ್ಕು ದಿನ ಹಿಡಿಯಿತು.

"ನೂರ ನಲವತ್ತು ಅಂತ ಬರಿ, ಸಾಕು."

"ಮುಳ್ಳು ನೂರ ನಲವತ್ತೆರಡರ ಮೇಲಿದೆ. ನಾನ್ಯಾಕೆ ಸುಳ್ಳು ಬರೀಲಿ?"

ಅವತ್ತಿನಿಂದ ಮೇಸ್ತ್ರಿ ಆಕೆಯನ್ನು ಅಕ್ಕ ಅನ್ನತೊಡಗಿದರು.

ಓಟದ ಕಾರುಗಳಿಗೆ ಸ್ಪ್ರಿಂಗನ್ನೂ ಶಾಕ್ ಅಬ್ಸಾರ್ಬರನ್ನೂ ಜೋಡಿ ಕೂಡಿಸುವುದು ಅವರ ಕೆಲಸ. "ಸ್ಪ್ರಿಂಗ್ ಕುಣಿಯುತ್ತೆ, ಶಾಕ್ ಅದನ್ನ ಹಿಡಿದು ಕೂರಿಸ್ಬೇಕು. ಸ್ಪ್ರಿಂಗ್ ಬಿಗಿಯಾದ್ರೆ ಶಾಕೂ ಬಿಗಿಯಾಗ್ಬೇಕು. ಅತಿ ಆದ್ರೆ ಸ್ಪ್ರಿಂಗ್ ಪಾಪ, ನಮ್ಮನೇಲಿ ನಾನಿದ್ದಂಗೆ, ಬಗ್ಗಿದ್ದು ಏಳೋದೇ ಇಲ್ಲ" ಅನ್ನುತ್ತಿದ್ದರು. ಕಣ್ಣು ಮುಚ್ಚಿ, ಕಾರಿನ ಮೂಲೆಯನ್ನು ಅಂಗೈಯಿಂದ ಒತ್ತಿ ಬಿಡುವರು. ಕಾರಿನ ಮೂತಿ ಒಂದು ಸಲ ಎದ್ದು ಇಳಿದು, ಮತ್ತೆ ಅರ್ಧ ಎದ್ದು ನಿಂತರೆ ಸರಿ, ಅದು ಒಂದೂವರೆ ಕುಣಿತ. ಅದಕ್ಕೇ ಒಂದೂವರೆ ಮೇಸ್ತ್ರಿ ಅಂತ ಹೆಸರು ಬಿತ್ತು.

ಹದಿನಾಲ್ಕು ವರ್ಷ ಹೀಗೇ ನಡೆಯಿತು. ಆಮೇಲೆ ಸಕ್ಕರೆ ಕಾಯಿಲೆ ಅವರ ಕೈಯ ಸ್ಪರ್ಶವನ್ನೇ ತಿಂದಿತು. ಒಂದು ದಿನ ಬಿಸಿ ಸೈಲೆನ್ಸರಿನ ಮೇಲೆ ಕೈಯಿಟ್ಟುಕೊಂಡು ಮಾತಾಡುತ್ತಲೇ ಇದ್ದರು. ಚರ್ಮ ಸುಟ್ಟ ವಾಸನೆಗೆ ಆಕೆಯೇ ಓಡಿ ಬಂದು ಕೈ ಎಳೆದಳು. ಅಂಗೈ ನೋಡಿಕೊಂಡು ಮೆಲ್ಲಗೆ ಅಂದರು: "ಮಗನಿಗೆ ಹೇಳ್ಬೇಡಕ್ಕ."

ಆಕೆ ಹೇಳಲಿಲ್ಲ.

ಮೇಸ್ತ್ರಿಗೆ ಇದ್ದವನೊಬ್ಬನೇ ಮಗ, ಓಟದ ಕಾರು ಓಡಿಸುತ್ತಿದ್ದ. ಆ ವರ್ಷದ ಓಟಕ್ಕೆ ಹಟ ಹಿಡಿದು ತನ್ನ ಕಾರಿನ ಮುಂಗಾಲಿಗಳ ನೂರ ನಲವತ್ತೆರಡರ ಸ್ಪ್ರಿಂಗ್ ಜೋಡಿ ತೆಗೆಸಿ ನೂರ ತೊಂಬತ್ತರದ್ದು ಹಾಕಿಸಿದ. ಶಾಕ್ ಹಳೆಯದೇ, ಅದರ ತಿರುಪನ್ನು ಬಿಗಿ ಮಾಡಬೇಕಿತ್ತು.

"ಅಪ್ಪಾ, ಇನ್ನೆಷ್ಟು ದಿನ ಕೈ ನಂಬ್ಕೊಂಡು? ಅಳೆಯೋ ಯಂತ್ರ ತರಿಸ್ತೀನಿ. ನೀನು ಮನೇಲಿ ಆರಾಮಾಗಿರು."

"ಮನೇಲಿ ನಿಮ್ಮಮ್ಮ ಇದಾಳಲ್ಲ, ಆರಾಮೆಲ್ಲಿ ಬಂತು?"

ಮೇಸ್ತ್ರಿ ತಿರುಪು ತಿರುಗಿಸಿದರು. ಕಣ್ಣು ಮುಚ್ಚಿ ಮೂಲೆಯನ್ನು ಒತ್ತಿ ಬಿಟ್ಟರು. ಮೂತಿ ಎದ್ದಿತು, ಇಳಿಯಿತು. ಮತ್ತೆ ಎದ್ದಿತು, ಇಳಿಯಿತು. ಆಮೇಲೂ ಸ್ವಲ್ಪ ಅಲುಗಿತು. ಆಕೆ ಎಣಿಸಿದಳು, ಎರಡೂವರೆ.

"ಒಂದೂವರೆ" ಅಂದರು ಮೇಸ್ತ್ರಿ. "ಅಲ್ವೇನಕ್ಕಾ?"

ಮಗ ಫೋನ್ ನೋಡುತ್ತಿದ್ದವನು ತಲೆಯೆತ್ತಿ, "ಏನ್ ದೊಡ್ಡಮ್ಮ, ನೀವೂ ಸೈ ಅಂದ್ಬಿಡಿ" ಅಂತ ನಕ್ಕ. ಆಕೆಯ ನಾಲಿಗೆ ತುದಿಗೆ ಮಾತು ಬಂದಿತ್ತು. ಮಗನ ಎದುರು ಅಪ್ಪನ ಕೈ ಹೋಯಿತು ಅಂತ ಹೇಗೆ ಹೇಳುವುದು? ನಾಳೆ ಬೆಳಿಗ್ಗೆ ಅವರೊಬ್ಬರೇ ಇದ್ದಾಗ ಹೇಳಿದರಾಯಿತು.

"ಹೂಂ" ಅಂದಳು.

ಮರುದಿನ ಅರ್ಧ ಗಂಟೆ ಮುಂಚೆಯೇ ಬಂದಳು. ಕಾರು ನಿಲ್ಲುವ ಜಾಗದಲ್ಲಿ ನಾಲ್ಕು ಹನಿ ಎಣ್ಣೆ ಮಾತ್ರ ಇತ್ತು. ಹುಡುಗ ಬೆಳಗ್ಗೆಯೇ ಅಭ್ಯಾಸಕ್ಕೆ ಹೋಗಿದ್ದ. ತಗ್ಗು ದಾಟಿದ ಕೂಡಲೇ ಬರುವ ತಿರುವಿನಲ್ಲಿ ಕಾರು ನೆಲ ಬಿಟ್ಟು ಗೋಡೆಗೆ ಬಡಿದಿತ್ತು. ಹುಡುಗ ಉಳಿಯಲಿಲ್ಲ. ರಸ್ತೆಯ ಮೇಲೆ ಮರಳು ಇತ್ತು ಅಂತ ಪೊಲೀಸರು ಬರೆದುಕೊಂಡರು. ಎಲ್ಲರೂ ಹಾಗೇ ಅಂದರು. ಆಕೆಯೂ ಸುಮ್ಮನಿದ್ದಳು.

ಮೇಸ್ತ್ರಿ ಮತ್ತೆ ಯಾವ ಕಾರಿನ ಮೇಲೂ ಕೈಯಿಡಲಿಲ್ಲ. ವರ್ಷ ಕಳೆಯುವುದರಲ್ಲಿ ಹಾಸಿಗೆ ಹಿಡಿದರು. ಆಕೆ ದಿನಾ ಸಂಜೆ ಹೋಗಿ, ಅವರ ಕೈಯಲ್ಲಿ ಲೋಟ ನಿಲ್ಲದ್ದರಿಂದ ತಾನೇ ಹಾಲು ಕುಡಿಸಿ ಬರುತ್ತಿದ್ದಳು. ಕೊನೆಯ ಸಂಜೆ ಅವರು ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಅಕ್ಕಾ, ಮರಳು ಇತ್ತು ಅಂದ್ರು. ಅದನ್ನೇ ಹಿಡ್ಕೊಂಡು ಎರಡು ವರ್ಷ ಬದುಕಿದೆ. ಎರಡು ಕೆಜಿ ಹೆಚ್ಚುಕಮ್ಮಿಗೂ ಸುಳ್ಳು ಬರೆದೋಳಲ್ಲ ನೀನು. ಅವತ್ತು ನಾನು ಕಣ್ಣು ಮುಚ್ಕೊಂಡಿದ್ದೆ, ನೀನು ನೋಡ್ತಿದ್ದೆ. ಹೇಳು, ಎಷ್ಟು ಸಲ ಕುಣೀತು?"