ಭರಮಣ್ಣನ ಹೋರಿಯ ಹಗ್ಗ

ಸೊರಡಿಯ ಮಲಕವ್ವನ ಹತ್ತಿರ ಐದು ಖಿಲಾರಿ ಆಕಳುಗಳಿವೆ, ಸ್ವಂತ ಹೋರಿ ಇಲ್ಲ. ಹನ್ನೆರಡು ವರ್ಷಗಳಿಂದ ಶೇಗಾಂವದ ಭರಮಣ್ಣ ಎರಡು-ಮೂರು ವರ್ಷಕ್ಕೊಮ್ಮೆ ಬದಲಿಸುವ ಹೋರಿಯೇ ವರ್ಷಕ್ಕೆ ಎರಡು ತಿಂಗಳು ಬಾಡಿಗೆಗೆ ಬಂದು ಹೋಗುತ್ತಿತ್ತು. ಕೊಂಡುಬಿಡೋಣ ಎಂದು ಮಗ ರವಿಕುಮಾರ ಹಟ ಹಿಡಿದಿದ್ದ. ಐದು ಆಕಳಿಗೋಸ್ಕರ ಹೋರಿಯನ್ನು ವರ್ಷವಿಡೀ ಮೇಯಿಸಬೇಕು, ಮೂರನೆಯ ವರ್ಷಕ್ಕೆ ಅದರ ಮಗಳೇ ಅದರ ಮುಂದೆ ಬೆದೆಗೆ ಬಂದು ನಿಲ್ಲುತ್ತಾಳೆ ಎಂದು ಮಲಕವ್ವ ಒಪ್ಪಿರಲಿಲ್ಲ.

ಆದರೆ ಹೋದ ವರ್ಷ ಅವಳ ತಂಗಿಯ ಮನೆಯಲ್ಲಿ ಮೂರು ಆಕಳು ಏಳನೆಯ ತಿಂಗಳಲ್ಲಿ ಗಬ್ಬ ಕಳೆದುಕೊಂಡು ಕಂದು ಹಾಕಿದವು. ಊರೂರು ತಿರುಗುವ ಹೋರಿಯಿಂದ ಈ ರೋಗ ಬರಬಹುದು ಎಂದು ದನದ ಡಾಕ್ಟರು ಹೇಳಿದ್ದರು. ಹಾಗಾಗಿ ಈ ಸಲ ಹೋರಿ ಬಂದ ದಿನವೇ ಮಲಕವ್ವ ಪರೀಕ್ಷೆಗೆಂದು ಅದರ ರಕ್ತ ತೆಗೆಸಿದಳು. ಭರಮಣ್ಣ ಹೋರಿ ಹಿಡಿದುಕೊಟ್ಟು ಊರಿಗೆ ಹೋದ. ವರದಿ ಬರುವವರೆಗೆ ಹೋರಿ ದೂರದ ಬೇವಿನ ಮರಕ್ಕೆ.

ನಾಲ್ಕನೆಯ ದಿನ ಬೆಳಿಗ್ಗೆ ಗೌರಿ ಬೆದೆಗೆ ಬಂದು ಒದರತೊಡಗಿತು. ತವರಿನಿಂದ ಮಲಕವ್ವ ತಂದ ಆಕಳಿನ ಸಂತಾನದಲ್ಲಿ ಉಳಿದದ್ದು ಈ ಗೌರಿ ಒಂದೇ. ಎರಡು ಸಲ ಕೃತಕ ಗರ್ಭಧಾರಣೆಯ ಸೂಜಿ ಹಾಕಿಸಿದರೂ ಗಬ್ಬ ನಿಂತಿರಲಿಲ್ಲ. ಸಂಜೆಯೊಳಗೆ ಹೋರಿ ಬಿಡದಿದ್ದರೆ ಮತ್ತೆ ಮೂರು ವಾರ ಕಾಯಬೇಕು, ಆಗಲೂ ನಿಲ್ಲುತ್ತದೆಂಬ ಭರವಸೆಯಿಲ್ಲ. ಹೋರಿ ಮರದ ಸುತ್ತ ನೆಲ ಕೆದರುತ್ತಿತ್ತು. ರವಿಕುಮಾರ ಡಾಕ್ಟರಿಗೆ ಐದು ಸಲ ಫೋನು ಮಾಡಿದ. ವರದಿ ಬಂದಿರಲಿಲ್ಲ.

ಮಧ್ಯಾಹ್ನ ಭರಮಣ್ಣನೇ ಮೋಟರ್‌ಸೈಕಲ್ ಮೇಲೆ ಬಂದ.

"ಹನ್ನೆರಡು ವರ್ಷದಾಗ ಇಲ್ಲದ ಸಂಶೆ ಈಗ ಬಂತೇನಬೇ ಯಕ್ಕಾ? ನಾಳಿ ನನ್ನ ರಕ್ತಾನೂ ತಗಸ್ತಿ."

"ನೀ ಆಕಳ ಕಡೆ ಹೋಗೂದಿಲ್ಲಲ್ಲಪಾ," ಎಂದಳು ಮಲಕವ್ವ.

ಅವನು ನಗಲಿಲ್ಲ. ಹೋರಿಯನ್ನೇ ಕೊಡುತ್ತೇನೆ, ಅರ್ಧ ರೇಟಿಗೆ ಒಯ್ಯಿರಿ ಎಂದ. ರವಿಕುಮಾರ ಒಳಗೆ ಓಡಿ, ಜತ್ತದ ಸಂತೆಯಿಂದ ಎಂದೋ ತಂದಿಟ್ಟಿದ್ದ ಹೊಸ ಹಗ್ಗ ಹಿಡಿದು ಬಂದ. ದನ ಮಾರಿದವನು ತನ್ನ ಹಗ್ಗ ಬಿಚ್ಚಿಕೊಂಡು ಹೋಗಬೇಕು, ಕೊಂಡವನು ತನ್ನದನ್ನು ಕಟ್ಟಬೇಕು. ಹಗ್ಗ ಬಿಚ್ಚಿದ ಮೇಲೆ ದನ ವಾಪಸಿಲ್ಲ, ಮಾತೂ ಇಲ್ಲ.

ಭರಮಣ್ಣ ಆಗಲೇ ಮರದ ಹತ್ತಿರ ಹೋಗಿ ಗಂಟು ಸಡಿಲಿಸುತ್ತಿದ್ದ. ಎರಡು ವರ್ಷದ ಹಿಂದೆ ಇದೇ ಹೋರಿಗೆ ಯಾರೋ ಎರಡು ಪಟ್ಟು ಕೊಡುತ್ತೇನೆಂದರೂ ಅವನು ಹಗ್ಗ ಮುಟ್ಟಗೊಟ್ಟಿರಲಿಲ್ಲ. ಮಲಕವ್ವ ಹೋಗಿ ಗಂಟಿನ ಮೇಲೆ ಕೈಯಿಟ್ಟಳು.

"ಹಗ್ಗ ಬಿಚ್ಚಬ್ಯಾಡ ಭರಮಣ್ಣ. ಎಲ್ಲಿ ಏನಾಗೇತಿ, ಮೊದ್ಲ ಅದನ್ನ ಹೇಳು."

ಮಗನ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಗೌರಿ ಮತ್ತೊಮ್ಮೆ ಒದರಿತು. ಭರಮಣ್ಣ ಗಂಟು ಬಿಟ್ಟು ಮರದ ಬೇರಿನ ಮೇಲೆ ಕುಳಿತ.

"ಇದು ಹೋಗಿದ್ದ ಡಫಳಾಪುರದಾಗ ಎರಡು ಆಕಳ ಕಂದ ಹಾಕ್ಯಾವ," ಎಂದ, ನೆಲ ನೋಡುತ್ತ. "ಮೊನ್ನಿ ಗೊತ್ತಾತು. ನಿಮ್ಮ ವರದಿ ಬಂದ್ರ ಇದನ್ನ ಯಾರು ಒಯ್ತಾರ?"

ಮಲಕವ್ವ ಬಯ್ಯಲಿಲ್ಲ. ಅವನಿಗೆ ನೀರು ಕೊಟ್ಟು, ಅವನು ಸಡಿಲಿಸಿದ್ದ ಗಂಟನ್ನು ತಾನೇ ಬಿಗಿಮಾಡಿದಳು. ವರದಿ ಬರುವವರೆಗೆ ಇದನ್ನು ಯಾವ ಊರಿನ ಆಕಳಿಗೂ ಬಿಡಬಾರದು ಎಂದು ಅವನಿಂದ ಮಾತು ತೆಗೆದುಕೊಂಡಳು.

ಗೌರಿ ಹೊತ್ತು ಮುಳುಗುವವರೆಗೂ ಒದರಿತು. ರವಿಕುಮಾರ ಹೊಸ ಹಗ್ಗ ಸುತ್ತಿಟ್ಟ. ಮಲಕವ್ವ ಗೋಡೆಯ ಕ್ಯಾಲೆಂಡರಿನಲ್ಲಿ ಇಪ್ಪತ್ತೊಂದು ದಿನ ಎಣಿಸಿ, ಆ ತಾರೀಖಿಗೆ ಕುಂಕುಮ ಹಚ್ಚಿದಳು.