ಎತ್ತಿಕೊಳ್ಳುವವನ ಜಾಗ

ನನ್ನ ಕಂಪ್ಯೂಟರಿನಲ್ಲಿ ಆಗ ಮುನ್ನೂರಕ್ಕೂ ಹೆಚ್ಚು ಪ್ಲಗಿನ್‌ಗಳಿದ್ದವು. ಹೆಚ್ಚೂಕಡಿಮೆ ಎಲ್ಲವೂ ಕದ್ದ ಮಾಲು. ಮುದ್ದೇಬಿಹಾಳದ ಆರ್ಕೆಸ್ಟ್ರಾ ಒಂದರಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಗೆಳೆಯನೊಬ್ಬ ಎರಡು ಸಿಡಿಗಳಲ್ಲಿ ತುಂಬಿ ಕೊಟ್ಟಿದ್ದ. ಪ್ಲಗಿನ್ ಎಂದರೆ ಹಾಡು ಕೂಡಿಸುವ ಸಾಫ್ಟ್‌ವೇರಿನೊಳಗೆ ಸಿಕ್ಕಿಸುವ ಸಣ್ಣ ಯಂತ್ರ ಎಂದುಕೊಳ್ಳಿ. ಒಂದನ್ನು ಹಾಕಿದರೆ ದನಿ ಗುಡಿಯೊಳಗೆ ಹಾಡಿದಂತೆ ಗುಂಯ್‌ಗುಡುತ್ತದೆ. ಇನ್ನೊಂದು ತಪ್ಪಿದ ಸುರವನ್ನು ಹಿಡಿದು ನೆಟ್ಟಗೆ ನಿಲ್ಲಿಸುತ್ತದೆ. ಮತ್ತೊಂದು ಫ್ಯಾನಿನ ಸದ್ದು, ಬೀದಿಯ ಹಾರ್ನು ಎಲ್ಲವನ್ನೂ ಒರೆಸಿ ಹಾಕುತ್ತದೆ. ಸಿಂದಗಿಯಲ್ಲಿ ಸೈಕಲ್ ಅಂಗಡಿಯ ಮೇಲಿನ ಖೋಲಿಯಲ್ಲಿ ಕೂತು, ಹಳೆಯ ಪದಗಳಿಗೆ ಬೀಟು ಸೇರಿಸಿ, ಮದುವೆ ಮೆರವಣಿಗೆಯ ಡಿಜೆಯವರಿಗೆ ಮಾಡಿಕೊಡುವುದು ನನ್ನ ಉದ್ಯೋಗ. ಯಾವ ದನಿಗೆ ಯಾವ ಪ್ಲಗಿನ್ ಎಂದು ಆರಿಸುವುದರಲ್ಲಿ ನಮ್ಮ ಸುತ್ತಿನ ನಾಲ್ಕು ತಾಲೂಕಿನಲ್ಲಿ ನನ್ನಂಥವನಿಲ್ಲ ಎಂಬ ಸೊಕ್ಕಿತ್ತು. ಮೊದಲೇ ಹೇಳಿಬಿಡುತ್ತೇನೆ, ಮುಂದೆ ಆದದ್ದೆಲ್ಲ ಆ ಸೊಕ್ಕಿನ ಕೆಲಸ.

ಎರಡು ಸಾವಿರದ ಐದೋ ಆರೋ ಇರಬೇಕು. ಆರು ತಿಂಗಳಿಂದ ಅಪ್ಪನ ಗಂಟಲು ಕಟ್ಟಿತ್ತು. ಸೊಲ್ಲಾಪುರಕ್ಕೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ನಳಿಕೆ ಇಳಿಸಿ ನೋಡಿ, ಗಂಟು ಬೆಳೆದಿದೆ, ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಒಂಬತ್ತು ದಿನ ಬಿಟ್ಟು ಬಂದು ಭರ್ತಿಯಾಗಿ ಎಂದರು. ಅಲ್ಲಿಯವರೆಗೆ ಗಂಟಲಿಗೆ ತ್ರಾಸು ಕೊಡಬೇಡಿ ಎಂದು ನನ್ನ ಮುಖ ನೋಡಿ ಹೇಳಿದರು.

"ಜೀವಕ್ಕ ಏನೂ ಆಗೂದಿಲ್ಲಲ್ರಿ?" ಅಪ್ಪ ಕೇಳಿದ.

"ಇಲ್ರಿ. ದನಿ ಅಷ್ಟ ಹೋಗ್ತೈತಿ."

"ಹೋಗ್ಲಿ ಬಿಡ್ರಿ," ಎಂದು ಅಪ್ಪ ರುಮಾಲು ಸರಿಮಾಡಿಕೊಂಡು ಎದ್ದ.

ಅಪ್ಪನದು ಬರೀ ಮಾತಾಡುವ ದನಿ ಆಗಿರಲಿಲ್ಲ. ಗೊಳಸಂಗಿಯ ಹತ್ತಿರದ ನಮ್ಮ ಊರಲ್ಲಿ ಜೋಳದ ರಾಶಿ ಮಾಡುವಾಗ, ಕಣದ ನಡುವಿನ ಮೇಟಿಕಂಬಕ್ಕೆ ಸಾಲಾಗಿ ಕಟ್ಟಿದ ಎತ್ತುಗಳು ತೆನೆ ತುಳಿಯುತ್ತ ಸುತ್ತು ಹಾಕುತ್ತವೆ. ಅವುಗಳ ಹಿಂದೆ ನಡೆಯುವವರು ಹಾಡುವುದು ಹಂತಿ ಪದ. ಒಬ್ಬ ಸಾಲು ಎತ್ತಿ ಕೊಟ್ಟರೆ, ಕಣದ ಆಚೆ ಬದಿಯಲ್ಲಿರುವ ಇನ್ನೊಬ್ಬ ಅದನ್ನು ಎತ್ತಿಕೊಂಡು ಮುಗಿಸುತ್ತಾನೆ. ನಮ್ಮ ಊರಲ್ಲಿ ಕೊಡುವವನು ಅಪ್ಪ. ಎತ್ತಿಕೊಳ್ಳುವವನು ಅಪ್ಪನಿಗಿಂತ ನಾಲ್ಕು ವರ್ಷ ಸಣ್ಣವನಾದ ಅವನ ಗೆಳೆಯ, ನನಗೆ ಕಾಕಾ. ರಾಶಿ ಮಷಿನ್ ಬಂದ ಮೇಲೆ ಎತ್ತುಗಳ ಹಂತಿ ಕಟ್ಟುವುದು ನಿಂತುಹೋಯಿತು, ಕಾಕಾ ಇಂಡಿಯಲ್ಲಿ ಮಗಳ ಮನೆ ಸೇರಿ ಅವರ ನಿಂಬೆ ತೋಟ ನೋಡಿಕೊಂಡಿದ್ದ. ಅಪ್ಪ ಮಾತ್ರ ಹೊಲಕ್ಕೆ ನೀರು ಹಾಯಿಸುವಾಗ ಒಂದು ಸಾಲು ಹಾಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೊಂದು ಸಾಲು ಹಾಡುತ್ತಿದ್ದ. ನಡುವೆ ಮರೆತುಹೋಗುತ್ತದೆ ಎಂದು ನಾನು ತಿಳಿದಿದ್ದೆ.

ಸೊಲ್ಲಾಪುರದಿಂದ ವಾಪಸು ಬರುವಾಗ ಝಳಕಿಯಲ್ಲಿ ಬಸ್ಸು ನಿಂತಿತು, ಚಹಾ ಕುಡಿದೆವು. ಆ ದನಿಯನ್ನು ಕಂಪ್ಯೂಟರಿನಲ್ಲಿ ಹಿಡಿದಿಟ್ಟೇ ಸೈ ಎಂದು ನಾನು ಅಲ್ಲೇ ಗಟ್ಟಿ ಮಾಡಿಕೊಂಡೆ. ಇಂಡಿ ಬಸ್‌ಸ್ಟ್ಯಾಂಡ್ ಬಂದಾಗ ಅಪ್ಪ ಕಿಟಕಿಯಿಂದ ಹೊರಗೆ ನೋಡಿದ.

"ಇಲ್ಲೇ ಇಳದ್ರ ಚಲೋ ಆಕ್ಕಿತ್ತು. ಅವಗ ಒಂದ ಮಾತ ಹೇಳಿ ಹೋಗೂಣು."

"ಈಗ ಬ್ಯಾಡ ಯಪ್ಪಾ. ಮೊದಲ ನಿನ್ನ ದನಿ ತುಂಬ್ಕೋತೇನಿ. ಕಾಕಾನ್ನ ಆಮ್ಯಾಲ ಕರ್ಕೊಂಡ ಬರ್ತೇನಿ."

ಅಪ್ಪ ಹೂಂ ಅಂದ. ಬಸ್ಸು ಹೊರಟಿತು.

ಅಪ್ಪನನ್ನು ಊರಿಗೆ ಬಿಡದೆ ಸಿಂದಗಿಯಲ್ಲೇ ಉಳಿಸಿಕೊಂಡೆ. ಮರುದಿನ ಬೆಳಿಗ್ಗೆ ಖೋಲಿಯ ಗೋಡೆಗೆ ಸದ್ದು ತಡೆಯಲು ಕೌದಿ ಕಟ್ಟಿ, ಫ್ಯಾನು ಬಂದ್ ಮಾಡಿ, ಅಪ್ಪನನ್ನು ಮೈಕಿನ ಮುಂದೆ ಕೂರಿಸಿದೆ. ಅಪ್ಪ ಕಣ್ಣು ಮುಚ್ಚಿ ಒಂದು ಸಾಲು ಹಾಡಿದ. ದನಿ ಜೋಳದ ಒಣ ಕಣಕಿ ಎಳೆದಂತೆ ಬರಬರ ಎನ್ನುತ್ತಿತ್ತು, ಆದರೂ ಒಳಗೆ ಹಳೆಯ ಏರಿಳಿತ ಹಾಗೇ ಇತ್ತು. ಸಾಲು ಮುಗಿಸಿ ಸುಮ್ಮನಾದ.

"ಮುಂದ ಅನ್ನು ಯಪ್ಪಾ."

"ಮುಂದಿಂದು ನಂದಲ್ಲ. ಎತ್ಕೊಳ್ಳಾಂವಂದು."

"ಅವರು ಇಲ್ಲಿಲ್ಲಲ್ಲ. ಅದನ್ನೂ ನೀನ ಅನ್ನು."

"ನಾ ಹೆಂಗ ಅನ್ಲಿ? ಅದು ಅವನ ಸಾಲು. ನೀ ಸುಮ್ಮ ಕೂಡು, ನಾ ಜಾಗಾ ಬಿಟಗೋಂತ ಹೋಗ್ತೇನಿ."

ಹಾಗೇ ಜಾಗ ಬಿಡುತ್ತ ಮುಕ್ಕಾಲು ತಾಸು ಹಾಡಿದ. ಬಿಟ್ಟ ಜಾಗಗಳಲ್ಲಿ ತುಟಿ ಮಾತ್ರ ಅಲುಗುತ್ತಿತ್ತು. ಕೆಲವು ಜಾಗ ಸಣ್ಣವು, ಕೆಲವು ಉದ್ದನ್ನವು. ಪರದೆಯ ಮೇಲೆ ಆ ಖಾಲಿ ಗೆರೆಗಳನ್ನು ನೋಡಿ, ಇವನ್ನೆಲ್ಲ ಆಮೇಲೆ ಕತ್ತರಿಸಬೇಕು, ಎಷ್ಟು ಕೆಲಸವಪ್ಪ ಎಂದು ನನಗೆ ಬೇಸರವಾಯಿತು.

ಅಲ್ಲಿಂದ ಶುರುವಾಯಿತು ನನ್ನ ಆರಿಸುವ ಆಟ. ಮೊದಲು ಸದ್ದು ತೆಗೆಯುವ ಪ್ಲಗಿನ್. ಒಂದನ್ನು ಹಾಕಿದರೆ ಗೊರಗೊರ ಹೋಯಿತು, ಜೊತೆಗೆ ಉಸಿರೂ ಹೋಯಿತು, ಅಪ್ಪ ನೀರೊಳಗೆ ಕೂತು ಹಾಡಿದಂತಾಯಿತು. ಇನ್ನೊಂದು ಚೆನ್ನಾಗಿತ್ತು, ಆದರೆ ಅದು ನಮೂನೆಗೆಂದು ಪುಕ್ಕಟೆ ಕೊಟ್ಟದ್ದು, ನಲವತ್ತು ಸೆಕೆಂಡಿಗೊಮ್ಮೆ ತಾನೇ ಚುಸ್ ಎಂದು ಸದ್ದು ಮಾಡಿ ಹಾಡನ್ನು ಕೆಡಿಸುತ್ತಿತ್ತು. ಅದರ ಪೂರ್ತಿ ಪ್ರತಿಗಾಗಿ ವಿಜಾಪುರದ ಇಂಟರ್‌ನೆಟ್ ಅಂಗಡಿಗೆ ಹೋಗಿ ಇಡೀ ಮಧ್ಯಾಹ್ನ ಇಳಿಸಿದೆ. ಮುಕ್ಕಾಲು ಬಂದಾಗ ಕರೆಂಟು ಹೋಯಿತು. ಮರುದಿನ ಮತ್ತೆ ಹೋದೆ. ತಂದು ಹಾಕಿದರೆ ಕಂಪ್ಯೂಟರೇ ಹ್ಯಾಂಗ್ ಆಗಿ ನಿಂತುಬಿಟ್ಟಿತು. ಒಂಬತ್ತರಲ್ಲಿ ನಾಲ್ಕು ದಿನ ಹೀಗೆ ಮಣ್ಣುಪಾಲು.

ನನಗೆ ತಲೆ ಕೆಟ್ಟಿತ್ತು, ಬೇರೆ ಮಾತಿಲ್ಲ. ಊಟ ಸೇರುತ್ತಿರಲಿಲ್ಲ. ಇನ್ನೂ ಇನ್ನೂರು ಪ್ಲಗಿನ್ ಇವೆ, ಅದರಲ್ಲಿ ಯಾವುದೋ ಒಂದು ಅಪ್ಪನ ಮೊದಲಿನ ದನಿಯನ್ನು ವಾಪಸು ಕೊಟ್ಟೇ ಕೊಡುತ್ತದೆ ಎಂದು ನಂಬಿದ್ದೆ. ಮೂವತ್ತು ವರ್ಷದ ಹಿಂದೆ ಕಣದಾಚೆಯ ಊರಿಗೂ ಕೇಳುತ್ತಿದ್ದ ದನಿ. ಗಂಟಲ ಗಂಟೂ ಒಂದು ಸದ್ದೇ ತಾನೆ, ಫ್ಯಾನಿನ ಸದ್ದು ತೆಗೆದ ಹಾಗೆ ಅದನ್ನೂ ತೆಗೆದರಾಯಿತು ಎಂಬ ಲೆಕ್ಕ. ಈಗ ಬರೆಯುವಾಗ ಕೈ ನಾಚುತ್ತದೆ.

ಪ್ರತಿ ಹೊಸ ಪ್ಲಗಿನ್ನಿಗೂ ಹೊಸ ಪರೀಕ್ಷೆ, ತುಂಬಿಕೊಂಡದ್ದರಲ್ಲಿ ದನಿ ಸಣ್ಣದಾಯಿತು ಎಂಬ ನೆಪ ಬೇರೆ. ಬೆಂಚಿನ ಮೇಲೆ ಸುಮ್ಮನೆ ಕೂತಿರುತ್ತಿದ್ದ ಅಪ್ಪನಿಗೆ ಹೇಳುತ್ತಿದ್ದೆ, "ಅದ ಮೊದಲನೇ ಸಾಲು ಇನ್ನೊಮ್ಮೆ ಅನ್ನು. ಸ್ವಲ್ಪ ಜೋರ ಅನ್ನು." ಅಪ್ಪ ಅನ್ನುತ್ತಿದ್ದ. ಕೇಳಿ, ಅಳಿಸಿ, ಮತ್ತೆ ಅನ್ನಿಸುತ್ತಿದ್ದೆ. ಡಾಕ್ಟರ ಮಾತು ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ, ನೆನಪಿತ್ತು. ಹೇಗೂ ಹೋಗುವ ದನಿ, ಅದಕ್ಕೆ ಮೊದಲು ಸರಿಯಾದ ಪ್ಲಗಿನ್ ಸಿಕ್ಕರೆ ಸಾಕು ಎಂದುಕೊಂಡಿದ್ದೆ. ಐದನೆಯ ದಿನ ಅಪ್ಪ ಕೇಳಿದ, "ಇಂಡಿಗೆ ಯಾವಾಗ ಹೋಗೂಣು?" ನಾಳೆ ಎಂದೆ. ಆರನೆಯ ದಿನವೂ ನಾಳೆ ಎಂದೆ.

ಆರನೆಯ ದಿನವೇ ನನ್ನ ಘನಕಾರ್ಯ ಮುಗಿದದ್ದು. ಸದ್ದು ತೆಗೆದೆ, ಸುರ ನೆಟ್ಟಗೆ ಮಾಡುವ ಪ್ಲಗಿನ್ ಹಾಕಿದೆ. ಖಾಲಿ ಜಾಗಗಳನ್ನು ತಾನೇ ಹುಡುಕಿ ಕತ್ತರಿಸುವ ಇನ್ನೊಂದನ್ನು ಓಡಿಸಿದಾಗ ಮುಕ್ಕಾಲು ತಾಸಿನ ಪದ ಇಪ್ಪತ್ತೈದು ನಿಮಿಷಕ್ಕೆ ಇಳಿಯಿತು. ಹಾಡು ಬೋಳಾಗಿ ಕಂಡಿತೆಂದು, ಅಪ್ಪನ ದನಿಯನ್ನೇ ತಗ್ಗಿಸಿ, ಪ್ರತಿ ಸಾಲಿನ ಹಿಂದೆ ಯಾರೋ ಎತ್ತಿಕೊಂಡಂತೆ ಬೇರೆ ಟ್ರ್ಯಾಕಿನಲ್ಲಿ ಮಾರ್ದನಿ ಕೊಟ್ಟೆ. ಹಾರ್ಡ್ ಡಿಸ್ಕು ತುಂಬಿಹೋಗಿತ್ತು. ಹಳೆಯ ಫೈಲಿನ ಮೇಲೆಯೇ ಬರೆಯಲೇ ಎಂದು ಕಂಪ್ಯೂಟರು ಕೇಳಿತು. ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ, ನಾನು ಓದದೆಯೇ ಹೂಂ ಎಂದು ಗುಂಡಿ ಒತ್ತಿದೆ.

ಅಪ್ಪನ ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಮೂರು ಸಾಲು ಕೇಳಿ ತೆಗೆದಿಟ್ಟ.

"ನನಗ ನಾನ ಜವಾಬ ಕೊಡಾಕತ್ತೇನಲ್ಲೋ. ಹಿಂಗ ಹುಚ್ಚರು ಮಾಡ್ತಾರ," ಎಂದ. ಆ ಮಾತು ಹೇಳುವಾಗಲೇ ಅವನ ದನಿ ಅರ್ಧಕ್ಕರ್ಧ ಬರೀ ಗಾಳಿಯಾಗಿತ್ತು. ಏಳನೆಯ ದಿನ ಬೆಳಿಗ್ಗೆ ಪೂರಾ ನಿಂತಿತು. ಚಹಾ ಬೇಕೆಂದು ಬಾಯಿ ತೆರೆದ, ಏನೂ ಬರಲಿಲ್ಲ, ಕೈಸನ್ನೆ ಮಾಡಿದ. ಡಾಕ್ಟರು ತೆಗೆಯುವುದಕ್ಕೆ ಮೊದಲೇ ನಾನು ತೆಗೆದಿದ್ದೆ.

ಆಮೇಲೆ ಇಂಡಿಗೆ ಓಡಿದೆ. ನಿಂಬೆ ತೋಟದಲ್ಲಿದ್ದ ಕಾಕಾ ವಿಷಯ ಕೇಳಿ, ಕೈಕಾಲು ತೊಳೆದು, ಉಟ್ಟ ಧೋತರದಲ್ಲೇ ಹೊರಟ. ಖೋಲಿಗೆ ಬಂದವನು ಅಪ್ಪನ ಎರಡೂ ಕೈ ಹಿಡಿದುಕೊಂಡು ಬೆಂಚಿನ ಮೇಲೆ ಕೂತ. ನಂತರ ನನ್ನ ಕಡೆ ತಿರುಗಿ, "ಹಚ್ಚು ತಮ್ಮಾ. ಅಣ್ಣ ಕೊಡ್ಲಿ, ನಾ ಎತ್ಕೋತೇನಿ. ಎರಡೂ ಕೂಡೇ ತುಂಬ್ಕೊ," ಎಂದ.

ಮಾರ್ದನಿಯನ್ನು ಬಂದ್ ಮಾಡಿ ಸ್ಪೀಕರಿನಲ್ಲಿ ಹಚ್ಚಿದೆ. ಅಪ್ಪನ ಸಾಲು ಮುಗಿಯಿತು. ಕಾಕಾ ಬಾಯಿ ತೆರೆಯುವಷ್ಟರಲ್ಲಿ ಅಪ್ಪನ ಮುಂದಿನ ಸಾಲು ಬಂದು ಅವನ ಮೇಲೆ ಬಿತ್ತು. ಕಾಕಾ ನಿಂತ. ಮತ್ತೆ ಹಚ್ಚಿಸಿದ, ಮತ್ತೆ ಹಾಗೇ ಆಯಿತು. ಮೂರನೆಯ ಸಲ ಅವನು ಹಾಡಲು ಹೋಗಲೇ ಇಲ್ಲ.

"ತಮ್ಮಾ, ನನ್ನ ಜಾಗಾ ಎಲ್ಲಿ ಹೋತು?"

ಮೂಲ ಫೈಲಿಗಾಗಿ ಕಂಪ್ಯೂಟರನ್ನೆಲ್ಲ ಜಾಲಾಡಿದೆ, ಸಿಡಿಗಳನ್ನು ನೆಲಕ್ಕೆ ಸುರಿದು ಒಂದೊಂದೇ ಹಾಕಿ ನೋಡಿದೆ. ಎಲ್ಲೂ ಇರಲಿಲ್ಲ. ಕೊನೆಗೆ ಎರಡೆರಡು ಸಾಲಿನ ನಡುವೆ ಅಂದಾಜಿನ ಮೇಲೆ ಖಾಲಿ ಜಾಗ ತುರುಕಿದೆ. ಒಮ್ಮೆ ಕಾಕಾನ ಸಾಲು ಮೊದಲೇ ಮುಗಿದು ಬೆಪ್ಪಾಗಿ ಕಾಯಬೇಕಾಯಿತು, ಇನ್ನೊಮ್ಮೆ ಅರ್ಧದಲ್ಲೇ ತುಂಡಾಯಿತು. ಅಪ್ಪ ಪ್ರತಿ ಸಾಲಿಗೂ ಬಿಟ್ಟಿದ್ದ ಜಾಗ ಕಾಕಾ ಆ ಸಾಲಿಗೆ ತೆಗೆದುಕೊಳ್ಳುವಷ್ಟೇ ಇತ್ತು. ಕಾಕಾ ಎಲ್ಲಿ ಎಳೆಯುತ್ತಾನೆ, ಎಲ್ಲಿ ಉಸಿರು ಹಿಡಿಯುತ್ತಾನೆ, ಎಲ್ಲಿ ಎತ್ತಿಗೆ ಹೋ ಅನ್ನುತ್ತಾನೆ ಎಂಬುದೆಲ್ಲ ಆ ಮುಕ್ಕಾಲು ತಾಸಿನಲ್ಲಿತ್ತು. ನಾನು ಅದನ್ನು ಕಸವೆಂದು ಗುಡಿಸಿ ಹಾಕಿದ್ದೆ. ಮೌಸು ಬಿಟ್ಟು ಅವರಿಬ್ಬರ ಮುಂದೆಯೇ ಅತ್ತೆ.

ಅಪ್ಪ ಎದ್ದು ಬಂದು ಸ್ಪೀಕರನ್ನು ತಾನೇ ಬಂದ್ ಮಾಡಿದ. ಕಾಕಾನ ಎದುರಿಗೆ ಚಾಪೆಯ ಮೇಲೆ ಕೂತು ಬಾಯಿ ತೆರೆದ. ದನಿ ಇಲ್ಲ, ತುಟಿ ಮಾತ್ರ ಆಡುತ್ತಿತ್ತು, ಬಲಗೈ ತೊಡೆಯ ಮೇಲೆ ಏರಿಳಿಯುತ್ತಿತ್ತು. ಸಾಲು ಮುಗಿಸಿ ಕೈ ಮುಂದೆ ಚಾಚಿದ. ಕಾಕಾ ಎತ್ತಿಕೊಂಡ. ಎತ್ತಿಕೊಂಡು ಮುಗಿಸಿ ಅಪ್ಪನಿಗೆ ಬಿಟ್ಟ. ನಾನು ಕಣ್ಣೊರೆಸಿಕೊಂಡು ರೆಕಾರ್ಡಿಂಗ್ ಗುಂಡಿ ಒತ್ತಿದೆ. ಇಡೀ ಪದ ಹಾಗೇ ನಡೆಯಿತು, ಇಬ್ಬರೂ ಎಲ್ಲೂ ತಪ್ಪಲಿಲ್ಲ.

ಎರಡು ದಿನದ ಮೇಲೆ ಆಪರೇಷನ್ ಆಯಿತು. ಗಂಟಲಲ್ಲಿ ತೂತಿಟ್ಟುಕೊಂಡು ಅಪ್ಪ ಇನ್ನೂ ಹಲವು ವರ್ಷ ಬದುಕಿದ. ಅಷ್ಟೂ ವರ್ಷ ನಾನು ಆ ರೆಕಾರ್ಡಿಂಗಿನ ಖಾಲಿ ಜಾಗಗಳಲ್ಲಿ, ನಾನೇ ಕೆಡಿಸಿದ ಅಪ್ಪನ ಸಾಲುಗಳನ್ನು ಒಂದೊಂದಾಗಿ ಕೂಡಿಸಿ ನೋಡಿದೆ. ಒಂದೂ ಕೂಡಲಿಲ್ಲ. ಸುರ ನೆಟ್ಟಗೆ ಮಾಡಿಸಿಕೊಂಡ ಆ ದನಿ ಯಾರದೋ ಪರರದಾಗಿತ್ತು.

ಅಪ್ಪ ಸಿಂದಗಿಗೆ ಬಂದಾಗಲೆಲ್ಲ ಖೋಲಿಗೆ ಬಂದು, ಹೆಡ್‌ಫೋನ್ ಕಡೆ ಬೆರಳು ಮಾಡಿ, ಕಾಕಾ ಹಾಡಿದ ಆ ರೆಕಾರ್ಡಿಂಗನ್ನೇ ಹಚ್ಚಿಸಿಕೊಳ್ಳುತ್ತಿದ್ದ. ಕಾಕಾನ ಸಾಲು ಬಂದಾಗ ತಲೆದೂಗುತ್ತಿದ್ದ. ಖಾಲಿ ಜಾಗ ಬಂದಾಗ ಅವನ ಮುಖ ಇನ್ನೂ ಅರಳುತ್ತಿತ್ತು. ಅಲ್ಲಿ ಅವನಿಗೆ ತನ್ನ ದನಿ ಚೊಕ್ಕವಾಗಿ ಕೇಳಿಸುತ್ತಿತ್ತು ಎಂದು ನನಗೆ ಗೊತ್ತು. ಈಗ ಅಪ್ಪ ಇಲ್ಲ. ಅದೇ ಹೆಡ್‌ಫೋನ್ ಹಾಕಿಕೊಂಡು ನಾನು ಕೇಳುತ್ತೇನೆ, ಅಪ್ಪನ ಖಾಲಿ ಜಾಗಗಳಲ್ಲಿ ದನಿ ಎಷ್ಟು ಏರಿಸಿದರೂ, ಅಂದು ಕೆಳಗಿನ ಅಂಗಡಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆದ ಸದ್ದು ಮಾತ್ರ ಬರುತ್ತದೆ.